ಕಂಪ್ಯೂಟರ್ ಸುಮ್ನೆ ಕೂತಿದ್ರೆ ಮದ್ದಿನ ರಿಸರ್ಚಿಗೆ ಹಚ್ಚಿ, ಆದ್ರೆ ನಮ್ಮೂರ ಸೆಖೆ ನೋಡ್ಕೊಂಡು

ನಮ್ಮಲ್ಲಿ ಬೀಡಿ ಕಟ್ಟುದು ಗೊತ್ತುಂಟಲ್ಲ, ಬೀಡಿ ಕಂಪೆನಿಯ ಬ್ರಾಂಚಿಂದ ಎಲೆ, ಹೊಗೆಸೊಪ್ಪು ತರುದು, ಮನೆಯಲ್ಲಿ ಕೂತು ಕಟ್ಟುದು, ವಾಪಸ್ ಕೊಟ್ಟಾಗ ಅವರು ಚೆಕ್ ಮಾಡಿ ಲೆಕ್ಕ ಬರ್ಕೊಳ್ಳುದು. ಕಂಪ್ಯೂಟರನ್ನು ರಿಸರ್ಚಿಗೆ ಕೊಡುದೂ ಅದೇ ಮಾರಾಯ್ರೆ, ಒಂದು ಭಯಂಕರ ದೊಡ್ಡ ಲೆಕ್ಕವನ್ನು ತುಂಡು ತುಂಡು ಮಾಡಿ ಜನರ ಮನೆ ಕಂಪ್ಯೂಟರಿಗೆ ಹಂಚ್ತಾರೆ, ಆ ತುಂಡಿಗೆ ವರ್ಕ್ ಯುನಿಟ್ ಅಂತ ಹೆಸರು. ಮಜೂರಿ ಇಲ್ಲ, ಪಾಯಿಂಟ್ ಮಾತ್ರ. (ಅಜ್ಜಿ ಕಟ್ಟಿದ್ದು ಬೀಡಿ, ಮೊಮ್ಮಗ ಮಾಡುದು ಕ್ಯಾನ್ಸರಿನ ಲೆಕ್ಕ, ಎಂತ ಹೇಳುದು!)

ಫೋಲ್ಡಿಂಗ್ ಅಟ್ ಹೋಮ್ ಅಂತ ಒಂದುಂಟು, 2000ದಲ್ಲಿ ಸ್ಟ್ಯಾನ್‌ಫೋರ್ಡಲ್ಲಿ ಶುರುವಾದದ್ದು, ಪ್ರೋಟೀನ್ ಹೇಗೆ ಮಡಚ್ಕೊಳ್ತದೆ, ಹೇಗೆ ಅಲುಗಾಡ್ತದೆ ಅಂತ ಲೆಕ್ಕ ಹಾಕುದು, ಮದ್ದು ಹುಡುಕುವವರಿಗೆ ಅದು ಬೇಕು. 2020ರ ಮಾರ್ಚಲ್ಲಿ ಕೊರೊನಾ ಅಂತ ಜನ ಮುಗಿಬಿದ್ದು ಸೇರಿದ್ರು, ಎಲ್ಲರ ಕಂಪ್ಯೂಟರ್ ಸೇರಿದ ವೇಗ 1 ಎಕ್ಸಾಫ್ಲಾಪ್ ದಾಟಿತು, ಅಂದ್ರೆ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಯಷ್ಟು ಲೆಕ್ಕ. ಎಷ್ಟು ಜನ ಅಂದ್ರೆ ಕೊಡ್ಲಿಕ್ಕೆ ಕೆಲಸವೇ ಸಾಕಾಗ್ಲಿಲ್ಲ, ಬ್ರಾಂಚಲ್ಲಿ ಎಲೆ ಖಾಲಿ!

ಈಗ ಶುರು ಮಾಡುದು ಹೇಗೆ. ಗ್ರಾಫಿಕ್ಸ್ ಕಾರ್ಡ್ ಇದ್ರೆ ಫೋಲ್ಡಿಂಗ್ ಹಾಕಿ. ಇಲ್ಲದಿದ್ರೆ ಬಾಯಿಂಕ್ ಅಂತ ಸಾಫ್ಟ್‌ವೇರ್ ಹಾಕಿ ಅದ್ರೊಳಗೆ ರೊಸೆಟ್ಟಾ ಅಥವಾ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಅಂತ ಇಂಥದೇ ಪ್ರಾಜೆಕ್ಟ್ ಸೇರಿಸಿ. ರೊಸೆಟ್ಟಾ ಡೇವಿಡ್ ಬೇಕರ್ ಅವರ ಲ್ಯಾಬಿನದ್ದು, 2024ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತಲ್ಲ ಅವರೇ. ಡೌನ್‌ಲೋಡ್ ಅವರವರ ಸ್ವಂತ ಸೈಟಿಂದ್ಲೇ ಮಾಡಿ, ವಾಟ್ಸಾಪಲ್ಲಿ ಬಂದ ಲಿಂಕಿಂದ ಬೇಡ. ಆಫೀಸು ಕಾಲೇಜಿನ ಮಿಷಿನಿಗೆ ಕೇಳದೆ ಹಾಕ್ಬೇಡಿ.

ಹಾಕಿದ ಕೂಡ್ಲೇ ಸೆಟ್ಟಿಂಗಿಗೆ ಹೋಗಿ, ಇದೇ ಮುಖ್ಯ. ಸಿಪಿಯು, ಅಂದ್ರೆ ಪ್ರೊಸೆಸರ್, ಅರ್ಧ ಮಾತ್ರ ಕೊಡಿ, ನಾವು ಕೆಲಸ ಮಾಡುವಾಗ ನಿಲ್ಲಿಸು ಅಂತ ಟಿಕ್ ಹಾಕಿ, ಬ್ಯಾಟರಿಯಲ್ಲಿ ಓಡಿಸ್ಬೇಡಿ, ಏಪ್ರಿಲ್ ಮೇ ತಿಂಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಓಡಿಸಿ. ಸುರತ್ಕಲಲ್ಲಿ ಹಗಲು ಮನುಷ್ಯನಿಗೇ ಕೂರ್ಲಿಕ್ಕಾಗುದಿಲ್ಲ, ಲ್ಯಾಪ್‌ಟಾಪಿಗೆ ಎಂತ ಗತಿ, ನಂದರ ಫ್ಯಾನ್ ಒಂದ್ಸಲ ಬಿಚ್ಚಿ ನೋಡಿದ್ರೆ ಧೂಳು ಹತ್ತಿಯ ಹಾಗೆ ಕೂತಿತ್ತು. ಸಮುದ್ರ ಹತ್ರದ ಮನೆಯಾದ್ರೆ ಉಪ್ಪುಗಾಳಿ ಬೇರೆ, ಕ್ಯಾಬಿನೆಟ್ ಕಿಟಕಿ ಪಕ್ಕ ಇಡ್ಬೇಡಿ.

ಕರೆಂಟ್ ಬಿಲ್ಲು ಹೆದ್ರುವಷ್ಟಿಲ್ಲ, ಆದ್ರೆ ಲೆಕ್ಕ ಇರ್ಲಿ. ಹೆಚ್ಚುವರಿ 100 ವಾಟ್ ತಿಂದ್ರೆ 8 ಗಂಟೆಗೆ 0.8 ಯುನಿಟ್, ತಿಂಗಳಿಗೆ 24. ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಇದರ ಎರಡು ಮೂರು ಪಟ್ಟು. ಕರೆಂಟ್ ಹೋಗಿ ಇನ್ವರ್ಟರ್ ಬಂದ್ರೆ ಕೈಯಾರೆ ನಿಲ್ಲಿಸಿ, ಯಾಕಂದ್ರೆ ಡೆಸ್ಕ್‌ಟಾಪಿಗೆ ಅದು ಬ್ಯಾಟರಿ ಅಂತ ಗೊತ್ತಾಗುದಿಲ್ಲ. ಗುಡುಗು ಶುರುವಾದ್ರೆ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ಕೇಬಲ್ಲೂ ತೆಗೀರಿ, ಹೋದ ವರ್ಷ ಪ್ಲಗ್ ಮಾತ್ರ ತೆಗ್ದು ನಾನು ಒಂದು ಪೋರ್ಟ್ ಕಳ್ಕೊಂಡೆ.

ಇನ್ನೊಂದು, ಇದು ತುಂಬ ಜನ ಮರೀತಾರೆ. ಪ್ರತಿ ವರ್ಕ್ ಯುನಿಟ್ಟಿಗೂ ವಾಯಿದೆ ಉಂಟು. ಫೋಲ್ಡಿಂಗಲ್ಲಿ ನೀವು ಕಳಿಸಿದ ಉತ್ತರದ ತುದಿಯಿಂದ್ಲೇ ಮುಂದಿನ ತುಂಡು ಶುರುವಾಗುದು, ನೀವು ಇಟ್ಕೊಂಡು ಕೂತ್ರೆ ಆ ಸಾಲೇ ಕಾಯ್ತದೆ, ಕಡೆಗೆ ಬೇರೆಯವರಿಗೆ ಕೊಡ್ತಾರೆ, ನಿಮ್ಮ ಕರೆಂಟು ದಂಡ. ಹಾಗಾಗಿ ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋಗುದಿದ್ರೆ ಹಿಂದಿನ ದಿನವೇ ಫಿನಿಶ್ ಬಟನ್ ಒತ್ತಿ, ಅದು ಕೈಲಿದ್ದದ್ದು ಮುಗಿಸಿ ಹೊಸತು ತಗೊಳ್ಳುದಿಲ್ಲ. ದಿನಾ ನಾಲ್ಕು ಗಂಟೆ ತಪ್ಪದೆ ಓಡಿಸುವವ, ಒಂದು ವಾರ ಫುಲ್ ಓಡಿಸಿ ಬಿಟ್ಟುಬಿಡುವವನಿಗಿಂತ ಒಳ್ಳೆದು ಅಂತ ನನ್ನ ಲೆಕ್ಕ.

ಮೊಬೈಲಲ್ಲಿ ಆಗ್ತದಾ ಅಂತ ಕೇಳ್ತೀರಿ. ಆಂಡ್ರಾಯ್ಡಿಗೆ ಬಾಯಿಂಕ್ ಉಂಟು, ಚಾರ್ಜಿಗೆ ಹಾಕಿ ವೈಫೈ ಇದ್ದಾಗ ಓಡ್ತದೆ. ನಾನು ಎರಡು ರಾತ್ರಿ ನೋಡಿದೆ, ಫೋನು ನೀರ್‌ದೋಸೆ ಕಾವಲಿಯ ಹಾಗೆ ಕಾದಿತ್ತು, ತೆಗ್ದುಬಿಟ್ಟೆ.