ಜೋಳದ ಕಾಳು ಎಣಿಸಿ ಹೆಂಡ ನಿಲ್ಲಿಸಿದ್ದು: ನನ್ನ ಅನುಭವ

ನಮ್ಮೂರಿನ ನಾಲ್ಕು ಕಿರಾಣಿ ಅಂಗಡಿಗಳಲ್ಲಿ ಈಗ ಹೆಂಡ ಸಿಗುವುದಿಲ್ಲ. ಎರಡು ವರ್ಷದ ಮೇಲಾಯಿತು. ಪಕ್ಕದ ಊರಿಗೆ ಹೋಗಿ ಕುಡಿದು ಬರುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಉಪ್ಪು, ಎಣ್ಣೆ ತರಲು ಹೋದ ಮಕ್ಕಳ ಕಣ್ಣಿಗೆ ಹೆಂಡದ ಪಾಕೀಟು ಬೀಳುವುದಿಲ್ಲ. ‘ಅಂಗಡಿ ಎದುರು ಸುಮ್ನೆ ಕೂತರೆ ಹೆಂಡ ನಿಲ್ಲುತ್ತಾ?’ ಅಂತ ನಮ್ಮ ಹೋರಾಟದ ಹಿರಿಯರೇ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ.

ಮನವಿ ಯಾರಿಗೆ ಕೊಡಬೇಕು, ಮೈಕಿಗೆ ಪರ್ಮಿಷನ್ ಹೇಗೆ ಅನ್ನುವುದೆಲ್ಲ ಇಂಥ ಹೋರಾಟ ಮಾಡುವವರಿಗೆ ಗೊತ್ತಿರುತ್ತದೆ. ಎಡವಿದ್ದನ್ನು ಮೊದಲು ಹೇಳುತ್ತೇನೆ.

2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಊರಲ್ಲಿ ತೆಂಗಿನಕಾಯಿ ಒಡೆದಿದ್ದೆವು. ವರ್ಷ ತುಂಬುವುದರೊಳಗೆ ಅಗ್ಗದ ವಿಸ್ಕಿ ಕಿರಾಣಿ ಅಂಗಡಿಗೆ ಬಂದು ಕೂತಿತ್ತು. 2010ರ ಸುಮಾರಿಗೆ ಸಿಟ್ಟು ತಡೆಯದೆ ಮೂವತ್ತು ಹೆಂಗಸರು ಒಂದು ಅಂಗಡಿಗೆ ನುಗ್ಗಿ ಬಾಟಲಿ ಒಡೆದೆವು. ಅವತ್ತು ನಮಗೆ ಹಬ್ಬ. ಮರುದಿನ ಕೇಸು. ಅಂಗಡಿಯವನ ಮೇಲಲ್ಲ, ನಮ್ಮ ಏಳು ಜನರ ಮೇಲೆ! ಮೂರೂವರೆ ವರ್ಷ ಕೋರ್ಟಿಗೆ ಅಲೆದೆವು. ಬಸ್ ಚಾರ್ಜು, ವಕೀಲರ ಫೀಸು, ತಪ್ಪಿಹೋದ ಕೂಲಿ, ಎಲ್ಲ ಸೇರಿ 60 ಸಾವಿರ ಆಗಿರಬೇಕು. ಒಬ್ಬಳು ಕಿವಿಯೋಲೆ ಅಡ ಇಟ್ಟಳು, ಬಿಡಿಸಿಕೊಳ್ಳಲು ಆಗಲೇ ಇಲ್ಲ. ನಾನು ಅಹಿಂಸೆಗೆ ಬಂದಿದ್ದು ಗಾಂಧಿಯ ಮೇಲಿನ ಭಕ್ತಿಯಿಂದಲ್ಲ, ಆ ಓಲೆಯಿಂದ.

ಆಮೇಲೆ ಉಪವಾಸ ಕೂತೆವು. ಮೂರನೇ ದಿನ ಒಬ್ಬರಿಗೆ ಶುಗರ್ ಇಳಿದು ಆಸ್ಪತ್ರೆ ಸೇರಿದರು. ನಾಲ್ಕನೇ ದಿನ ಕಾರಲ್ಲಿ ಬಂದವರೊಬ್ಬರು ನಿಂಬೆಹಣ್ಣಿನ ಪಾನಕ ಕುಡಿಸಿ ಫೋಟೊ ತೆಗೆಸಿಕೊಂಡು ಹೋದರು. ಶಾಮಿಯಾನ, ಕುರ್ಚಿ, ಮೈಕಿಗೆ ಅಂತ 18 ಸಾವಿರ ಸಾಲ ಉಳಿಯಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ 200 ಕಿಲೋಮೀಟರ್ ನಡೆದರಲ್ಲ, ಅದರಲ್ಲಿ ನಾವು ಒಂಬತ್ತು ಜನ ಇದ್ದೆವು. ಆ ನಡಿಗೆ ನನಗೆ ಧೈರ್ಯ ಕೊಟ್ಟಿತು, ಸುಳ್ಳಲ್ಲ. ಆದರೆ ಕಾಲಿನ ಬೊಬ್ಬೆ ಆರುವ ಮುಂಚೆಯೇ ಊರಿಗೆ ಬಂದು ನೋಡಿದರೆ ಅಂಗಡಿ ಬೆಳಗ್ಗೆ ಐದಕ್ಕೇ ತೆರೆದಿತ್ತು.

ಕೊನೆಗೆ ಅಂಗಡಿ ಎದುರು ಕೂರೋಣ ಅಂದುಕೊಂಡೆವು. ಈ ಯೋಚನೆ ಹೊಸದೇನಲ್ಲ. 1930ರಲ್ಲಿ ಗಾಂಧೀಜಿ ಹೆಂಡದಂಗಡಿ ಮುಂದೆ ಪಿಕೆಟಿಂಗ್ ಮಾಡುವ, ಅಂದರೆ ನಿಂತು ಗಿರಾಕಿಗಳನ್ನು ತಡೆಯುವ ಕೆಲಸವನ್ನು ಹೆಂಗಸರಿಗೇ ಒಪ್ಪಿಸಿದ್ದರು. ನಾವು ಸೇರಿಸಿದ್ದು ಎರಡೇ: ಸರದಿ ಮತ್ತು ಲೆಕ್ಕ.

42 ಹೆಂಗಸರು, ಏಳೇಳು ಜನರ ಆರು ಗುಂಪು. ಒಂದು ಗುಂಪಿಗೆ ವಾರದಲ್ಲಿ ಒಂದೇ ಸಂಜೆ, ಭಾನುವಾರ ಎಲ್ಲರೂ. ಆರರಿಂದ ಒಂಬತ್ತೂವರೆ. ಅಷ್ಟಾದರೆ ಗಂಡಂದಿರೂ ಗೊಣಗುವುದಿಲ್ಲ, ಕೂಲಿಯೂ ತಪ್ಪುವುದಿಲ್ಲ. ಹಿಂದಿನ ಹೋರಾಟಗಳೆಲ್ಲ ನೆಲ ಕಚ್ಚಿದ್ದು ಇಲ್ಲೇ. ಮೊದಲ ದಿನ ನೂರು ಜನ, ಹತ್ತನೇ ದಿನ ನಾನು ಮತ್ತು ನನ್ನ ಚಾಪೆ, ಅಲ್ವಾ?

ಅಂಗಡಿಯವರ ಜಾಗದಲ್ಲಿ ಕೂರಲಿಲ್ಲ, ಎದುರಿನ ಕಟ್ಟೆ ಮೇಲೆ ಕೂತೆವು. ಒಂದು ವಾರ ಮುಂಚೆ ನಾಲ್ವರಿಗೂ ಕಾಗದ ಕೊಟ್ಟು ‘ಇಂಥ ದಿನದಿಂದ ಕೂರುತ್ತೇವೆ’ ಅಂತ ತಿಳಿಸಿದೆವು. ಕುಡಿಯಲು ಬಂದವರನ್ನು ಬೈಯುವಂತಿಲ್ಲ, ಹೆಸರು ಬರೆಯುವಂತಿಲ್ಲ. ಒಂದು ಪಾಕೀಟು ಹೋದರೆ ಡಬ್ಬಿಗೆ ಒಂದು ಜೋಳದ ಕಾಳು. ನಮ್ಮಲ್ಲಿ ಓದು ಬರಹ ಬರದವರೇ ಜಾಸ್ತಿ, ಹಾಗಾಗಿ ಕಾಳು. ಬೆಳಗ್ಗೆ ಮಕ್ಕಳು ಎಣಿಸಿ ನೋಟ್‌ಬುಕ್ಕಿಗೆ ಏರಿಸುತ್ತಿದ್ದರು.

ಒಂದು ಅಂಗಡಿಗೆ ದಿನಕ್ಕೆ ಹೆಚ್ಚೂಕಡಿಮೆ 70 ಕಾಳು. ಪಾಕೀಟಿಗೆ ಇವರು 60 ರೂಪಾಯಿ ಹೊಡೆಯುತ್ತಿದ್ದರು. ನಾಲ್ಕು ಅಂಗಡಿ, ಒಂದು ತಿಂಗಳು: ಐದು ಲಕ್ಷ! ಗ್ರಾಮಸಭೆಯಲ್ಲಿ ಭಾಷಣ ಮಾಡಲಿಲ್ಲ. ಡಬ್ಬಿ ಸುರಿದು ಲೆಕ್ಕ ಓದಿದೆವು, ಅಷ್ಟೇ. ಯಾವಾಗಲೂ ಗಲಾಟೆ ಮಾಡುವ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಊರಲ್ಲಿ ಹೆಂಡ ಮಾರಬಾರದು ಅಂತ ಠರಾವು ಪಾಸಾಯಿತು.

ಮಧ್ಯೆ ಒಂದು ರಾತ್ರಿ ಕುಡಿದವನೊಬ್ಬ ಕಲ್ಲು ಎಸೆದ. ನಮ್ಮ ಹಿರಿಯಕ್ಕನ ಹಣೆಗೆ ನಾಲ್ಕು ಹೊಲಿಗೆ. ನನ್ನ ಕೈಯೂ ಕಲ್ಲಿನ ಕಡೆಗೇ ಹೋಗಿತ್ತು, ಒಪ್ಪಿಕೊಳ್ಳುತ್ತೇನೆ. ಅವರೇ ಸೆರಗಿನಿಂದ ಹಣೆ ಒತ್ತಿ ಹಿಡಿದು ‘ಕೂತ್ಕೋ’ ಅಂದರು. ಮರುದಿನ ಏಳರ ಬದಲು ಅರವತ್ತು ಜನ ಬಂದರು. ಕಲ್ಲು ಎಸೆದವನ ತಾಯಿಯೂ ಬಂದಿದ್ದರು.

ಬೇರೆ ಪ್ರಯೋಗಗಳನ್ನೂ ಮಾಡಿದೆವು. 500 ಪೋಸ್ಟ್‌ಕಾರ್ಡ್, 250 ರೂಪಾಯಿ, ಉತ್ತರ ಸೊನ್ನೆ. ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ಮೌನ ಧರಣಿ ಮಾಡಿದೆವು, ಇಪ್ಪತ್ತು ನಿಮಿಷಕ್ಕೆ ಮಾತು ಶುರು. ನಮ್ಮವರಿಗೆ ಅದು ಆಗದ ಕೆಲಸ. ಅಂಗಡಿಯವನ ಮೇಲೆ ಹಾಡು ಕಟ್ಟಿ ಹಾಡಿದ್ದು ಮಾತ್ರ ತಪ್ಪಾಯಿತು. ಅವನ ಹೆಂಡತಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಅವತ್ತೇ ನಿಲ್ಲಿಸಿದೆವು. ಕೊನೆಗೆ ಗಂಡನಿಗೆ ‘ಇದು ಬೇಡ’ ಅಂತ ಹೇಳಿದವಳು ಅವಳೇ.

ಐದು ತಿಂಗಳ ಖರ್ಚು ಸುಮಾರು 6 ಸಾವಿರ: ಟಾರ್ಚು, ಚಾಪೆ, ಚಹಾಪುಡಿ, ಆಟೋ. ಮನೆಗೊಂದು ಹಿಡಿ ಜೋಳ ಎತ್ತುತ್ತಿದ್ದೆವು, ಎರಡು ಕ್ವಿಂಟಲ್ ಆಯಿತು. ಮಾರಿದರೆ ಖರ್ಚು ಕಳೆದು ಚೂರುಪಾರು ಉಳಿಯಿತು ಕೂಡ. ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಸೆ ಇದ್ದವರೊಬ್ಬರು 20 ಸಾವಿರ ಕೊಡಲು ಬಂದಿದ್ದರು. ಚಹಾ ಕೊಟ್ಟು ಕಳಿಸಿದೆವು.

ಮೊದಲ ಅಂಗಡಿ ಐದು ವಾರಕ್ಕೆ ನಿಲ್ಲಿಸಿತು, ಕೊನೆಯದು ಐದು ತಿಂಗಳಿಗೆ. ಮಾಲು ಬರುವ ಬೈಕಿನ ಸುದ್ದಿ ನಮಗೆ ಮುಂಚೆಯೇ ಹೇಗೆ ಸಿಗುತ್ತಿತ್ತು, ಬರುತ್ತೇನೆ ಅಂತ ಹೇಳಿ ಬಾರದ ಅಧಿಕಾರಿ ಸಾಹೇಬರು ಒಂದು ದಿನ ಮಾತ್ರ ಸರಿಯಾದ ಹೊತ್ತಿಗೆ ಹೇಗೆ ಬಂದರು, ಇವೆರಡನ್ನು ಬರೆಯುವುದಿಲ್ಲ. ಇನ್ನೂ ಬೇಕಾಗುತ್ತದೆ.

ಮೊನ್ನೆ ಪಕ್ಕದ ಊರಿನವರು ಡಬ್ಬಿ ಕೇಳಿಕೊಂಡು ಬಂದಿದ್ದರು. ಸದ್ಯಕ್ಕೆ ಹನ್ನೊಂದು ಜನ ಇದ್ದಾರಂತೆ. ಡಬ್ಬಿ ಕೊಟ್ಟೆ. ಮೂವತ್ತು ಜನ ಆಗುವವರೆಗೆ ಕೂರಬೇಡಿ ಅಂತ ಹೇಳಿ ಕಳಿಸಿದೆ.