ಲೈಕ್ ಕಂಡರೆಲ್ಲ ಸಿಮಿಲಿ ಅಲ್ಲ: ಫಿಗರ್ಸ್ ಆಫ್ ಸ್ಪೀಚ್ ಕಲಿಸಿದ ನನ್ನ ಅನುಭವ

ಉಡುಪಿಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಕೊಡುತ್ತೇನೆ. ವಾಕ್ಯ ಕೊಟ್ಟರೆ ಅದರಲ್ಲಿ ಯಾವ ಫಿಗರ್ ಆಫ್ ಸ್ಪೀಚ್ (ಅಲಂಕಾರ) ಇದೆ ಎಂದು ಈಗ ನನ್ನ ಬ್ಯಾಚಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೇಳುತ್ತಾರೆ. ಇಂಗ್ಲಿಷ್ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆಸುತ್ತೇನೆ ಎಂದಾಗ "ಮಕ್ಕಳನ್ನು ಹಾಳು ಮಾಡ್ತೀರಿ ಮಾರಾಯ್ರೆ" ಎಂದಿದ್ದ ಮಾಸ್ಟ್ರುಗಳೇ ಈಗ ಹೇಗೆ ಮಾಡಿದ್ದು ಎಂದು ಕೇಳುತ್ತಿದ್ದಾರೆ.

ಮೊದಲು ಹಣ ಹೋದ ಲೆಕ್ಕ. ವ್ಯಾಖ್ಯೆಗಳ ಫ್ಲೆಕ್ಸ್ ಮಾಡಿಸಿದೆ, ಸುಮಾರು 800 ರೂಪಾಯಿ. ಮಕ್ಕಳು ವ್ಯಾಖ್ಯೆ ಒಪ್ಪಿಸಿದರು, ವಾಕ್ಯ ಕೊಟ್ಟರೆ ಮಾತ್ರ ಸುಮ್ನೆ ಕೂತರು. ಆಮೇಲೆ ಲ್ಯಾಮಿನೇಟ್ ಮಾಡಿದ ಕಾರ್ಡು: ಒಂದು ಬದಿ ವಾಕ್ಯ, ಇನ್ನೊಂದು ಬದಿ ಉತ್ತರ. ಅದಕ್ಕೆ 2,000ದ ಹತ್ತಿರ ಹೋಯಿತು. ಕೆಲವೇ ದಿನದಲ್ಲಿ ಕಾರ್ಡಿನ ಮೂಲೆಯ ಕಲೆ ನೋಡಿಯೇ ಉತ್ತರ ಹೇಳತೊಡಗಿದರು. ಹೊಸ ವಾಕ್ಯ ಬಂದರೆ ಮತ್ತೆ ಸೊನ್ನೆ. ಮೊಬೈಲ್ ಕ್ವಿಜ್ ಆ್ಯಪಿಗೂ ಚಂದಾ ಕಟ್ಟಿದೆ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಊಹಿಸುವುದನ್ನು ಕಲಿತರು, ಅಷ್ಟೇ. ಈಗಿನ ಖರ್ಚು ಮಗುವಿಗೊಂದು ನೋಟ್‌ಬುಕ್ಕು.

ವಾಕ್ಯವನ್ನು ಮೊದಲು ಕನ್ನಡ ಅಕ್ಷರದಲ್ಲಿ ಬರೆಸುತ್ತೇನೆ. ಅಲಿಟರೇಶನ್, ಅಂದರೆ ಪದಗಳ ಶುರುವಿನಲ್ಲಿ ಒಂದೇ ಧ್ವನಿ ಮತ್ತೆ ಮತ್ತೆ ಬರುವುದು, ಇದರಿಂದ ಸುಲಭವಾಗಿ ಸಿಗುತ್ತದೆ. "ಫೋರ್ ಫೋಟೋಸ್ ಆಫ್ ಫ್ರೆಶ್ ಫಿಶ್". ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಫೋಟೋ ಶುರುವಾಗುವುದು ಪಿಯಿಂದ, ಹುಡುಗರು ಅದನ್ನು ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಬರೆದರೆ ಫಕಾರಗಳೆಲ್ಲ ಸಾಲಾಗಿ ಕಣ್ಣಿಗೆ ಬೀಳುತ್ತವೆ. ನೈಫ್ ಬರೆಯುವಾಗ ಮೊದಲಿನ ಕೆ ತಾನಾಗಿ ಉದುರುತ್ತದೆ. ಸಿಟಿ, ಕ್ಯಾಟ್ ಎರಡಕ್ಕೂ ಇಂಗ್ಲಿಷಿನಲ್ಲಿ ಸಿ, ಆದರೆ ಇಲ್ಲಿ ಒಂದು ಸ, ಒಂದು ಕ. ಅಲಿಟರೇಶನ್ ಅಲ್ಲ ಎಂದು ಬೇರೆ ಹೇಳಬೇಕಾಗಿಯೇ ಇಲ್ಲ. ಶಬ್ದಾಲಂಕಾರದ ಕಷ್ಟ ಅಲ್ಲಿಗೆ ಮುಗಿಯಿತು.

ಅರ್ಥಾಲಂಕಾರಕ್ಕೆ ನನ್ನದು ಒಂದೇ ಪ್ರಶ್ನೆ: "ಹೌದಾ?" ಹೇಳಿದ್ದು ಹೇಳಿದ ಹಾಗೇ ನಿಜವಾ? ಲೈಕ್, ಆಸ್ ಕಂಡ ಕೂಡಲೇ ಸಿಮಿಲಿ (ಉಪಮೆ) ಎಂದು ಬರೆಯುವ ಚಾಳಿ ಹೋದದ್ದು ಇದರಿಂದಲೇ. "ಐ ಲೈಕ್ ನೀರ್ ದೋಸೆ". ಹೌದು, ಇಷ್ಟ. "ಶಿ ವರ್ಕ್ಸ್ ಆಸ್ ಎ ನರ್ಸ್ ಇನ್ ಮಣಿಪಾಲ್". ಹೌದು, ನರ್ಸೇ. "ಹಿ ಈಸ್ ಆಸ್ ಟಾಲ್ ಆಸ್ ಹಿಸ್ ಬ್ರದರ್". ಬೇಕಿದ್ದರೆ ಅಳೆದು ನೋಡಿ. ಮೂರರಲ್ಲೂ ಸಿಮಿಲಿ ಇಲ್ಲ. ಅಣ್ಣನ ಜಾಗದಲ್ಲಿ ತೆಂಗಿನಮರ ಇಟ್ಟರೆ ಮಕ್ಕಳು ನಗುತ್ತಾರೆ. ಮನುಷ್ಯ ಬೇರೆ, ಮರ ಬೇರೆ, ಈಗ ಅದು ಸಿಮಿಲಿ. ಉಪಮೇಯ, ಉಪಮಾನ ಅವರು ಕನ್ನಡ ಪಾಠದಲ್ಲೇ ಕಲಿತಿರುತ್ತಾರಲ್ಲ, ಹೆಸರು ತಾವೇ ಹೇಳುತ್ತಾರೆ.

ಮೆಟಫರ್ (ರೂಪಕ) ಎಂದರೆ ಮಕ್ಕಳು "ಅದು ಇದೇ" ಎನ್ನುವ ಈಸ್ ಹುಡುಕುತ್ತಾರೆ. "ಶಿ ಸ್ವಾಲೋಡ್ ಹರ್ ಆಂಗರ್" ಎಂಬಲ್ಲಿ ಈಸ್ ಎಲ್ಲಿದೆ? ಕೋಪ ನುಂಗುವುದು ನಮಗೂ ದಿನನಿತ್ಯದ ಮಾತು, ಹಾಗಾಗಿ ಅಲಂಕಾರ ಅನ್ನಿಸುವುದೇ ಇಲ್ಲ. ಹೌದಾ, ಗಂಟಲಲ್ಲಿ ಇಳಿಯಿತಾ ಎಂದು ಕೇಳಿದರೆ ಹಿಡಿಯುತ್ತಾರೆ. ಈ ತರಹದ ಕ್ರಿಯಾಪದಗಳ ಮೇಲೆ ನಾನು ಜಾಸ್ತಿ ಸಮಯ ಹಾಕುತ್ತೇನೆ. ಉಳಿದ ಮಾಸ್ಟ್ರುಗಳು ಇಲ್ಲಿಯೇ ಅವಸರ ಮಾಡುವುದು.

ಗಾಳಿ ವಿಸ್ಪರ್ ಮಾಡಿದರೆ (ಪಿಸುಗುಟ್ಟಿದರೆ) ಪರ್ಸಾನಿಫಿಕೇಶನ್, ಅಂದರೆ ಮನುಷ್ಯನಲ್ಲದ್ದಕ್ಕೆ ಮನುಷ್ಯನ ಗುಣ ಕೊಡುವುದು, ಸರಿ. ಹೌಲ್ ಮಾಡಿದರೆ (ಊಳಿಟ್ಟರೆ)? ಹೌಲ್ ಎಂದರೆ ಮೊದಲು ನೆನಪಾಗುವುದು ತೋಳ, ಮನುಷ್ಯನಲ್ಲ. ಗೈಡುಗಳು ಅದನ್ನೂ ಪರ್ಸಾನಿಫಿಕೇಶನ್ ಎನ್ನುತ್ತವೆ. ಪರೀಕ್ಷೆಗೆ ಹಾಗೇ ಬರೆಯಿರಿ, ಆದರೆ ಒಪ್ಪಬೇಡಿ ಎಂದು ಹೇಳುತ್ತೇನೆ.

ಒಮ್ಮೆ ಊರಿನ ವಾಕ್ಯಗಳನ್ನೇ ಕೊಟ್ಟು ನೋಡಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಮೀನುಗಾರಿಕೆ ಬಂದರು ಮಲ್ಪೆಯ ಬಗ್ಗೆ "ಮಲ್ಪೆ ಸ್ಲೀಪ್ಸ್ ಇನ್ ಜೂನ್" ಎಂದು ಬರೆದೆ. ಊರೇ ಮನುಷ್ಯನ ಹಾಗೆ ಮಲಗಿದೆ, ಪರ್ಸಾನಿಫಿಕೇಶನ್ ಎಂದು ಅರ್ಧ ಕ್ಲಾಸು. ಮಲ್ಪೆ ಎಂದರೆ ಅಲ್ಲಿನ ಜನ, ಮೆಟೋನಿಮಿ (ಒಂದರ ಹೆಸರಲ್ಲಿ ಅದಕ್ಕೆ ಸಂಬಂಧಪಟ್ಟ ಇನ್ನೊಂದನ್ನು ಹೇಳುವುದು) ಎಂದು ಇನ್ನರ್ಧ. ಎರಡಕ್ಕೂ ಅಂಕ ಕೊಟ್ಟೆ. "ದ ಬೋಟ್ ನೀಡ್ಸ್ ಟೆನ್ ಹ್ಯಾಂಡ್ಸ್" ಎಂದಾಗ ಜಗಳವೇ ಇಲ್ಲ. ಕೈ ದೇಹದ ಭಾಗ, ಹೇಳಿದ್ದು ಇಡೀ ಮನುಷ್ಯನನ್ನು, ಅದು ಸಿನೆಕ್ಡಕಿ. ಮೆಟೋನಿಮಿ, ಸಿನೆಕ್ಡಕಿ ಎರಡನ್ನು ಬೇರೆ ಮಾಡಲು ನನ್ನ ಹತ್ತಿರ ಒಂದು ಉಪಾಯ ಇದೆ, ಅದು ಸದ್ಯ ನನ್ನ ಬ್ಯಾಚಿಗೇ ಇರಲಿ. ವಾಕ್ಯಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಎಂಬುದೂ.

ಐರನಿ (ಹೇಳುವುದೊಂದು, ಅರ್ಥ ಅದರ ವಿರುದ್ಧ) ಮಾತ್ರ "ಹೌದಾ?" ಎಂದರೆ ಸಿಗುವುದಿಲ್ಲ. "ವಾಟ್ ಲವ್ಲಿ ವೆದರ್" ಎಂಬುದು ನಿಜವಾ ಎಂದು ತಿಳಿಯಲು ಹೊರಗೆ ಮಳೆ ಹೊಯ್ಯುತ್ತಿದೆಯಾ ಎಂದು ಗೊತ್ತಿರಬೇಕು. ಅದಕ್ಕೆ ಹಿಂದಿನ ವಾಕ್ಯವನ್ನೂ ಸೇರಿಸಿ ಎರಡೆರಡು ವಾಕ್ಯ ಕೊಡಲು ಈಚೆಗೆ ಶುರು ಮಾಡಿದ್ದೇನೆ.