ಸೂರಕ್ಕಿ ಫೋಟೊಗೆ ಫ್ಲ್ಯಾಶ್ ಬೇಡ, ಬೆಳಗಿನ ಬಿಸಿಲು ಸಾಕು

ದಾಸವಾಳದ ಗಿಡದ ಸುತ್ತ ಕ್ಯಾಮೆರಾ ಹಿಡಿದು ಓಡಾಡುವವರನ್ನು ಪಾರ್ಕುಗಳಲ್ಲಿ ನೋಡುತ್ತಲೇ ಇರುತ್ತೇನೆ. ಹಕ್ಕಿ ಎಡಕ್ಕೆ ಹಾರಿದರೆ ಇವರೂ ಎಡಕ್ಕೆ, ಬಲಕ್ಕೆ ಹಾರಿದರೆ ಬಲಕ್ಕೆ. ಕೊನೆಗೆ ಮೆಮೊರಿ ಕಾರ್ಡ್ ತುಂಬ ಖಾಲಿ ಕೊಂಬೆ, ಅಲುಗಿದ ಎಲೆ, ಒಂದೆರಡು ಬಾಲ. ಸೂರಕ್ಕಿಯನ್ನು ಬೆನ್ನಟ್ಟಿ ಪ್ರಯೋಜನವಿಲ್ಲ. ಅದು ಬರುವ ಹೂವಿನೆದುರು ಮೊದಲೇ ಹೋಗಿ ಕೂರಬೇಕು.

ಅಂದಹಾಗೆ, ಇದನ್ನು ‘ಹಮ್ಮಿಂಗ್‌ಬರ್ಡ್’ ಎಂದು ಹಾಕಿ ಲೈಕ್ ಗಿಟ್ಟಿಸುವವರು ಬಹಳ ಮಂದಿ. ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಸೂರಕ್ಕಿ ಬಹುಪಾಲು ಕೊಂಬೆ ಹಿಡಿದು ಕೂತೇ ಮಕರಂದ ಹೀರುತ್ತದೆ, ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಲ್ಲುವುದು ಅಪರೂಪಕ್ಕೆ. ನಮಗೆ ಅದೇ ಅನುಕೂಲ.

1. ಗಿಡ ಗೊತ್ತುಮಾಡಿಕೊಳ್ಳಿ

ಕೇಪಳ, ರತ್ನಗಂಧಿ, ದಾಸವಾಳ, ಎಲೆ ಉದುರಿಸಿ ಹೂಬಿಟ್ಟ ಹಾಲುವಾಣ, ಯಾವುದಾದರೂ ಆದೀತು. ನಿಮ್ಮ ಕಣ್ಣಿನ ಎತ್ತರಕ್ಕೆ ಹೂವಿರಲಿ. ಎತ್ತರದ ಮರದಡಿ ನಿಂತರೆ ಸಿಗುವುದು ಹಕ್ಕಿಯ ಹೊಟ್ಟೆ, ಅದರ ಹಿಂದೆ ಬೆಳ್ಳನೆಯ ಆಕಾಶ. ದಾಸವಾಳವಾದರೆ ಹೂವಿನ ಎದುರಿಗೆ ನಿಲ್ಲಬೇಡಿ. ಸೂರಕ್ಕಿ ಅನೇಕ ಸಲ ದಳಗಳ ಕಡೆಯಿಂದ ಬಾಯಿ ಹಾಕದೆ, ತೊಟ್ಟಿನ ಬಳಿ ಕೊಕ್ಕಿನಿಂದ ತೂತು ಮಾಡಿ ಕುಡಿಯುತ್ತದೆ. ಪಕ್ಕದಿಂದ ನೋಡಿದರೆ ಮಾತ್ರ ಕೊಕ್ಕು ಕಾಣುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಕೆಂಪು ಪ್ಲಾಸ್ಟಿಕ್ಕಿನ ಸಕ್ಕರೆ ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. ನಮ್ಮ ಬಿಸಿಲಿಗೆ ಆ ನೀರು ಬೇಗ ಹುಳಿಯುತ್ತದೆ, ಫೋಟೊದಲ್ಲೂ ಪ್ಲಾಸ್ಟಿಕ್ಕೇ ಎದ್ದು ಕಾಣುತ್ತದೆ. ಅದೇ ದುಡ್ಡಿಗೆ ಎರಡು ಕೇಪಳದ ಗಿಡ ಬರುತ್ತದೆ. ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿ ಕರೆಯುವುದು, ಗೂಡಿನ ಮುಂದಿನ ಎಲೆ ಕಿತ್ತು ‘ಕ್ಲಿಯರ್’ ಮಾಡಿಕೊಳ್ಳುವುದು, ಎರಡೂ ಬೇಡವೇ ಬೇಡ.

2. ಬೆಳಕು ನೋಡಿ ಜಾಗ ಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಗಂಡು ಸೂರಕ್ಕಿಯ ಮೈಯಲ್ಲಿ ಹೊಳೆಯುವ ನೀಲಿ, ನೇರಳೆ, ಹಸಿರು ಬರೀ ಬಣ್ಣದ ಕಣಗಳಿಂದ ಬಂದದ್ದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಬರುವ ಹೊಳಪು. ಹಾಗಾಗಿ ಕೋನ ತಪ್ಪಿದರೆ ಬಣ್ಣವೂ ಇಲ್ಲ. ಪರ್ಪಲ್ ಸನ್‌ಬರ್ಡ್ ಎಂಬ ಜಾತಿಯ ಗಂಡು ಸೂರಕ್ಕಿ ನೆರಳಿನಲ್ಲಿ ಕೂತರೆ ಇದ್ದಿಲಿನ ತುಂಡು. ಬಿಸಿಲಿಗೆ ಬಂದು ಕತ್ತು ಒಂದಿಷ್ಟು ತಿರುಗಿಸಿತೋ, ನೆತ್ತಿ ನೀಲಿ, ಎದೆ ನೇರಳೆ. ಮರುಕ್ಷಣ ಮತ್ತೆ ಕಪ್ಪು. ಎಡಿಟಿಂಗ್‌ನಲ್ಲಿ ಸ್ಯಾಚುರೇಶನ್ ಎಷ್ಟು ಎಳೆದರೂ ಆ ಹೊಳಪು ಬರುವುದಿಲ್ಲ.

ಸೂರ್ಯ ನಿಮ್ಮ ಬೆನ್ನಿಗಿರಬೇಕು, ನಿಮ್ಮ ನೆರಳು ಹೂವಿನ ದಿಕ್ಕಿಗೆ ಚಾಚಿರಬೇಕು. ನೆರಳು ಹೂವಿನ ಮೇಲೇ ಬಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಬೆಳಿಗ್ಗೆ ಗಿಡದ ಪೂರ್ವಕ್ಕೆ ನಿಲ್ಲಬೇಕಾದ್ದರಿಂದ ಅಲ್ಲಿ ಕಾಂಪೌಂಡ್ ಗೋಡೆ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಂಡು ಬನ್ನಿ. ಒಂಬತ್ತು, ಒಂಬತ್ತೂವರೆಯೊಳಗೆ ಕೆಲಸ ಮುಗಿಯಬೇಕು, ಇಲ್ಲವೇ ಸಂಜೆ ನಾಲ್ಕರ ಮೇಲೆ. ನಡುಮಧ್ಯಾಹ್ನದ ಫೋಟೊ ನನಗೆ ತೋರಿಸಲೇಬೇಡಿ. ‘ಮೋಡದ ಬೆಳಕೇ ಚೆಂದ’ ಎನ್ನುವ ಮಾತು ಹೆಣ್ಣು ಸೂರಕ್ಕಿಗೆ ಸರಿ. ಗಂಡಿಗೆ ಬಿಸಿಲೇ ಬೇಕು.

ಹೂವಿಗೂ ಅದರ ಹಿಂದಿನ ಪೊದೆಗೂ ಮೂರು ನಾಲ್ಕು ಮೀಟರ್ ಅಂತರವಿದ್ದರೆ ಹಿನ್ನೆಲೆ ತಾನಾಗಿ ಮಸುಕಾಗುತ್ತದೆ.

3. ಕ್ಯಾಮೆರಾ ಸೆಟ್ಟಿಂಗ್

ಮ್ಯಾನುಯಲ್ ಮೋಡ್, ಆಟೊ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಳತೆ), ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6 ಅಥವಾ 6.3. ಕೂತ ಹಕ್ಕಿಗೂ ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ಕೆಳಗಿಳಿಸಬೇಡಿ, ಅದರ ತಲೆ ಒಂದು ಕಡೆ ನಿಲ್ಲುವುದಿಲ್ಲ. ರೆಕ್ಕೆ ಬಡಿಯುತ್ತ ನಿಂತದ್ದಕ್ಕೆ 1/2500 ಅಥವಾ ಅದಕ್ಕೂ ಹೆಚ್ಚು. ಎಳೆಬಿಸಿಲಿನಲ್ಲಿ ಐಎಸ್‌ಒ 800, 1600ಕ್ಕೆ ಏರಬಹುದು, ಏರಲಿ. ಕಾಳುಕಾಳಾದ ಚಿತ್ರವನ್ನು ಮನೆಯಲ್ಲಿ ಸರಿಮಾಡಬಹುದು, ಅಲುಗಿದ ಕಣ್ಣನ್ನು ಯಾವ ಸಾಫ್ಟ್‌ವೇರೂ ಉಳಿಸುವುದಿಲ್ಲ. ರೆಕ್ಕೆಯ ತುದಿ ಸ್ವಲ್ಪ ಮಸುಕಾದರೆ ಬೇಸರ ಬೇಡ. ರೆಕ್ಕೆಯ ಒಂದೊಂದು ಗರಿಯೂ ಕಲ್ಲಿನಲ್ಲಿ ಕಡೆದಂತೆ ನಿಂತ ಹಮ್ಮಿಂಗ್‌ಬರ್ಡ್ ಚಿತ್ರಗಳಲ್ಲಿ ಎಷ್ಟೋ, ಸುತ್ತ ಹಲವು ಫ್ಲ್ಯಾಶ್ ಇಟ್ಟು ತೆಗೆದವು.

ಹಿಂದೆ ಆಕಾಶವಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕು ಏರಿಸುವ, ಇಳಿಸುವ ಹೊಂದಾಣಿಕೆ) +1. ಹಿಂದೆ ಕಡುಹಸಿರು ನೆರಳಿದ್ದು ಹಳದಿ ಹೊಟ್ಟೆಗೆ ಬಿಸಿಲು ಬಿದ್ದಿದ್ದರೆ −0.7, ಇಲ್ಲದಿದ್ದರೆ ಆ ಹಳದಿ ಬೆಳ್ಳಗೆ ಸುಟ್ಟುಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಸೆ ಹುಟ್ಟಿಸುತ್ತದೆ, ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಹಾರುವ ರೆಕ್ಕೆಯನ್ನು ಸೊಟ್ಟಗೆ ಮಾಡುತ್ತದೆ. ಮೆಕ್ಯಾನಿಕಲ್ ಶಟರೇ ಇರಲಿ.

ಲೆನ್ಸಿಗೆ ಸೇರಿಸಿ ಹಕ್ಕಿಯನ್ನು ಎರಡು ಪಟ್ಟು ದೊಡ್ಡದಾಗಿ ತೋರಿಸುವ ಅಗ್ಗದ 2ಎಕ್ಸ್ ಕನ್ವರ್ಟರ್ ಎರಡು ಸ್ಟಾಪ್ ಬೆಳಕು, ಅಂದರೆ ನಾಲ್ಕರಲ್ಲಿ ಮೂರು ಪಾಲು ನುಂಗಿ, ಫೋಕಸ್ಸನ್ನೂ ನಿಧಾನ ಮಾಡುತ್ತದೆ. ಅದರ ಬದಲು ಎರಡು ಹೆಜ್ಜೆ ಹತ್ತಿರ ಕೂತರೆ ಆಯಿತು. ಲೆನ್ಸ್ ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ.

4. ಕಾಯಿರಿ, ಮೊದಲೇ ಒತ್ತಿ

ಹಕ್ಕಿ ಅಲುಗಿದಂತೆ ತಾನೇ ಹಿಂಬಾಲಿಸುವ ಕಂಟಿನ್ಯುವಸ್ ಫೋಕಸ್ ಇಟ್ಟು, ಹೂವಿನ ಮೇಲೆ ಮೊದಲೇ ಫೋಕಸ್ ಮಾಡಿಕೊಂಡಿರಿ. ಹೂವಿಗೆ ಬರುವ ಮುನ್ನ ಹಕ್ಕಿ ಹತ್ತಿರದ ಒಂದು ಕಡ್ಡಿಯ ಮೇಲೆ ಕೂತು ಅತ್ತಿತ್ತ ನೋಡುವುದುಂಟು, ಎಷ್ಟೋ ಸಲ ಅದೇ ಕಡ್ಡಿ. ಅಲ್ಲಿಂದ ಹಾರಲು ಮೈ ತಗ್ಗಿಸಿದಾಗಲೇ ಬಟನ್ ಒತ್ತಬೇಕು. ಹೂವಿಗೆ ಬಂದದ್ದು ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಯಿತು. ನಾಲ್ಕೈದು ಫ್ರೇಮಿನ ಸಣ್ಣ ಬರ್ಸ್ಟ್ (ಒಂದರ ಹಿಂದೊಂದು ಕ್ಲಿಕ್) ಸಾಕು. ಉದ್ದಕ್ಕೆ ಒತ್ತಿ ಹಿಡಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸಂಗ್ರಹ) ತುಂಬಿ, ಬೇಕಾದ ಹೊತ್ತಿಗೆ ಕ್ಯಾಮೆರಾ ಕೈಕೊಡುತ್ತದೆ. ಟ್ರೈಪಾಡ್‌ಗಿಂತ ಒಂಟಿ ಕಾಲಿನ ಮೊನೊಪಾಡ್ ವಾಸಿ.

5. ಆಯ್ಕೆ

ಶೇಕಡಾ ನೂರಕ್ಕೆ ಹಿಗ್ಗಿಸಿ ಕಣ್ಣು ನೋಡಿ. ಕಣ್ಣಿನಲ್ಲಿ ಬಿಸಿಲಿನ ಚುಕ್ಕಿ ಚೂಪಾಗಿದ್ದರೆ ಇಟ್ಟುಕೊಳ್ಳಿ, ಉಳಿದದ್ದು ಅಳಿಸಿ.